ರೋಗಾಣುಗಳ ಶತ್ರುವನ್ನು ಕಂಡುಹಿಡಿದ ಫೆಲಿಕ್ಸ್ ಡೆರೆಲ್

ಈ ಸಂಚಿಕೆಗೆ ಪ್ರತಿಯೊಬ್ಬರೂ ಒಬ್ಬ ಪ್ರಸಿದ್ಧ ವ್ಯಕ್ತಿಯ ಜೀವನ ಚರಿತ್ರೆ ಬರೆಯಬೇಕೆಂದು ನಮ್ಮ ಕನ್ನಡ ಮೇಡಂ ಹೇಳಿದ ದಿನ, ಹತ್ತೇ ನಿಮಿಷದಲ್ಲಿ ಹೆಸರುಗಳೆಲ್ಲ ಖಾಲಿಯಾದವು. ಅಬ್ದುಲ್ ಕಲಾಂ, ಸರ್ ಎಂ. ವಿಶ್ವೇಶ್ವರಯ್ಯ, ಟಿಪ್ಪು ಸುಲ್ತಾನ್, ಮೌಲಾನಾ ಆಜಾದ್ ಎಲ್ಲರನ್ನೂ ಮುಂದಿನ ಬೆಂಚಿನವರು ತೆಗೆದುಕೊಂಡುಬಿಟ್ಟರು. ನನ್ನ ಸರದಿ ಬಂದಾಗ ನಾನು ಫೆಲಿಕ್ಸ್ ಡೆರೆಲ್ ಎಂದೆ. ಅವರು ಯಾವ ದೇಶದ ಕ್ರಿಕೆಟ್ ಆಟಗಾರ ಎಂದು ಪಕ್ಕದಲ್ಲಿದ್ದ ಗೆಳತಿ ಕೇಳಿದಳು. ಆದರೆ ವಿಜ್ಞಾನ ವಿಭಾಗದವರಿಗೆ ಅವರ ಕೆಲಸ ಹೊಸದಲ್ಲ. ಅವರ ಜೀವಶಾಸ್ತ್ರ ಪುಸ್ತಕದಲ್ಲಿ ಮೂಲೆಮೂಲೆಯಾದ ತಲೆ, ಕೆಳಗೆ ಬಾಲ, ಜೇಡನ ಕಾಲಿನಂಥ ಎಳೆಗಳಿರುವ ಒಂದು ವೈರಸ್ಸಿನ ಚಿತ್ರವಿದೆ. ಅದರ ಹೆಸರು ಬ್ಯಾಕ್ಟೀರಿಯೊಫೇಜ್, ಅಂದರೆ ಬ್ಯಾಕ್ಟೀರಿಯಾವನ್ನು ತಿನ್ನುವುದು. ಆ ಹೆಸರನ್ನು ಇಟ್ಟವರು ಡೆರೆಲ್.

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದವಳು. ಲೆಕ್ಕಶಾಸ್ತ್ರ ಓದುವ ನನಗೂ ಈ ವಿಜ್ಞಾನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬಂದದ್ದು ನಮ್ಮ ಮಾಮು ಅವರ ಮೀನಿನ ಹೊಂಡದಿಂದ.

ನಮ್ಮ ಮನೆ ಗೊರಗುಂಟೆಪಾಳ್ಯದಲ್ಲಿ. ಮಾಮು ಮೊದಲು ಯಶವಂತಪುರದ ಕಡೆ ಮೀನು ಮಾರುತ್ತಿದ್ದರು. ಬೇರೆಯವರ ಮೀನು ಮಾರುವುದರಲ್ಲಿ ಉಳಿಯುವುದು ಕಡಿಮೆ ಎಂದು ಕಳೆದ ವರ್ಷ ನೆಲಮಂಗಲದ ಆಚೆ 1 ಎಕರೆ ಹೊಂಡವನ್ನು ಗುತ್ತಿಗೆಗೆ ಹಿಡಿದು ಕಾಟ್ಲಾ ಮತ್ತು ರೋಹು ಮರಿಗಳನ್ನು ಬಿಟ್ಟರು. ಅಮ್ಮಿಯ ಎರಡು ಬಳೆಗಳೂ ಆ ಹೊಂಡದಲ್ಲಿ ಸೇರಿದ್ದವು. ಮಾಮುಗೆ ಬರೆಯುವುದು ಅಷ್ಟಾಗಿ ಬರುವುದಿಲ್ಲ. ಆದ್ದರಿಂದ ಹಿಸಾಬ್ ಬರೆಯುವ ಕೆಲಸ ನನ್ನದು. ಪ್ರತಿ ಭಾನುವಾರ ರಾತ್ರಿ ಅವರು ಜೇಬಿನಿಂದ ಚೀಟಿಗಳನ್ನು ತೆಗೆದು ಇಡುತ್ತಾರೆ. ಮರಿ, ತೌಡು, ಕಡಲೆಕಾಯಿ ಹಿಂಡಿ, ಬಸ್ ಚಾರ್ಜ್, ಕೂಲಿ ಎಂದು ನಾನು ಒಂದೊಂದು ಕಾಲಂನಲ್ಲಿ ಬರೆಯುತ್ತೇನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮೀನುಗಳ ಮೈಮೇಲೆ ಕೆಂಪು ಹುಣ್ಣುಗಳು ಕಾಣಿಸಿದವು. ಕೆಲವಕ್ಕೆ ಹೊಟ್ಟೆ ಊದಿ ಹುರುಪೆ ಎದ್ದು ನಿಂತಿತು. ಬೆಳಗ್ಗೆ ಹೋದರೆ ದಡದ ಪಕ್ಕ ಹತ್ತು ಇಪ್ಪತ್ತು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಂದು ಅಂಗಡಿಯವರು ನೋಡದೆಯೇ ಆಂಟಿಬಯಾಟಿಕ್ ಪುಡಿ ಕೊಟ್ಟರು. ಅದು ಹಿಡಿಯಲಿಲ್ಲವೆಂದು ಇನ್ನೊಂದು ಕೊಟ್ಟರು, ಮತ್ತೆ ಮೂರನೆಯದು. ಹದಿನೆಂಟು ದಿನಗಳಲ್ಲಿ ಔಷಧಿ ಎಂಬ ಕಾಲಂನಲ್ಲಿ ನಾನು ಬರೆದ ಮೊತ್ತ 14,600 ರೂಪಾಯಿ. ಮೀನು ಸಾಯುವುದು ಮಾತ್ರ ನಿಲ್ಲಲಿಲ್ಲ.

ಅದೇ ತಿಂಗಳು ನಮ್ಮ ದಾದಿಗೆ ಮೂತ್ರದ ಸೋಂಕು ಬಂದು ಜ್ವರ ಇಳಿಯಲೇ ಇಲ್ಲ. ಎರಡು ಬಗೆಯ ಮಾತ್ರೆ ಮುಗಿದ ಮೇಲೆ ಡಾಕ್ಟರು ಕಲ್ಚರ್ ಪರೀಕ್ಷೆ ಮಾಡಿಸಿದರು. ವರದಿಯಲ್ಲಿ ಒಂದರ ಕೆಳಗೆ ಒಂದು ಔಷಧಿಗಳ ಹೆಸರು, ಪ್ರತಿಯೊಂದರ ಮುಂದೆ ಒಂದೇ ಅಕ್ಷರ. ಆರ್ ಎಂದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ, ಎಸ್ ಎಂದರೆ ಬಗ್ಗುತ್ತದೆ ಎಂದು ವಿಜ್ಞಾನ ವಿಭಾಗದ ಗೆಳತಿ ಹೇಳಿಕೊಟ್ಟಳು. ದಾದಿಯ ವರದಿಯಲ್ಲಿ ಮೇಲಿನಿಂದ ಕೆಳಗೆ ಆರ್, ಆರ್, ಆರ್ ಎಂದೇ ಇತ್ತು. ಕೊನೆಯಲ್ಲಿ ಎರಡು ಎಸ್ ಇದ್ದವು. ಅವರು ಈಗಾಗಲೇ ತಿಂದು ಮುಗಿಸಿದ್ದ ಎರಡೂ ಮಾತ್ರೆಗಳ ಮುಂದೆ ಆರ್ ಇತ್ತು. ಒಂದು ಮನೆಯಲ್ಲಿ ಮನುಷ್ಯರಿಗೂ ಮೀನಿಗೂ ನಾವು ಒಂದೇ ತಪ್ಪು ಮಾಡುತ್ತಿದ್ದೇವೆ ಎಂದು ನನಗೆ ಆಗ ಅನಿಸಿತು. ರೋಗ ಯಾವುದೆಂದು ತಿಳಿಯುವ ಮೊದಲೇ ಔಷಧಿ ಕೊಂಡಿದ್ದೆವು.

ಕೊನೆಗೆ ಮಾಮು ಎರಡು ಮೀನನ್ನು ಐಸಿನಲ್ಲಿಟ್ಟುಕೊಂಡು ನಮ್ಮ ಜಂಕ್ಷನ್‌ನಿಂದ ರಿಂಗ್ ರೋಡ್ ಬಸ್ ಹತ್ತಿ ಹೆಬ್ಬಾಳದ ಮೀನುಗಾರಿಕಾ ಸಂಶೋಧನಾ ಮತ್ತು ಮಾಹಿತಿ ಕೇಂದ್ರಕ್ಕೆ ಹೋದರು. ನಾನೂ ಜೊತೆಗಿದ್ದೆ. ಇದು ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲಸ ಎಂದು ಅಲ್ಲಿ ತಿಳಿಯಿತು. ಮಾತಿನ ನಡುವೆ ಅಲ್ಲಿದ್ದ ಒಬ್ಬ ಸರ್, ಇಂಥ ಬ್ಯಾಕ್ಟೀರಿಯಾವನ್ನು ಕೊಲ್ಲಲು ವೈರಸ್ಸನ್ನೇ ಬಳಸುವ ಸಂಶೋಧನೆ ನಮ್ಮ ಮಂಗಳೂರಿನಲ್ಲೂ ನಡೆದಿದೆ ಎಂದರು. ವೈರಸ್ ಎಂದ ಕೂಡಲೇ ಮಾಮುಗೆ ಕೊರೊನಾ ನೆನಪಾಗಿ ಮುಖ ಸಣ್ಣದಾಯಿತು. ಒಂದು ರೋಗಕ್ಕೆ ಇನ್ನೊಂದು ರೋಗವನ್ನು ತಂದು ಬಿಡುವುದೇ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೇಳುತ್ತಿದ್ದರು. ಅವರಿಗೆ ಉತ್ತರ ಕೊಡಬೇಕೆಂದು ಓದಲು ಹೊರಟವಳಿಗೆ ಸಿಕ್ಕಿದವರು ಫೆಲಿಕ್ಸ್ ಡೆರೆಲ್.

ಡೆರೆಲ್ ಅವರು 1873ರ ಏಪ್ರಿಲ್ 25ರಂದು ಹುಟ್ಟಿದರು. ತಾವು ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಟ್ಟಿದವರೆಂದು ಅವರು ಜೀವನವಿಡೀ ಹೇಳಿಕೊಂಡರು. ಅವರು ಹುಟ್ಟಿದ್ದು ಪ್ಯಾರಿಸ್‌ನಲ್ಲಿ ಎಂದು ಇತಿಹಾಸಕಾರರು ಬಹಳ ವರ್ಷಗಳ ನಂತರ ದಾಖಲೆ ನೋಡಿ ಕಂಡುಕೊಂಡರು. ವಿಜ್ಞಾನದಲ್ಲಿ ಅವರಿಗೆ ಪದವಿ ಇರಲಿಲ್ಲ. ಸೂಕ್ಷ್ಮಜೀವಿಗಳ ವಿದ್ಯೆಯನ್ನು ಪುಸ್ತಕ ಓದಿ, ಮನೆಯಲ್ಲೇ ಚಿಕ್ಕ ಪ್ರಯೋಗಾಲಯ ಮಾಡಿಕೊಂಡು ತಾವಾಗಿಯೇ ಕಲಿತರು.

ವಾಣಿಜ್ಯ ವಿಭಾಗದವರಿಗೆ ಇಷ್ಟವಾಗುವ ಒಂದು ಸಂಗತಿ ಇಲ್ಲಿದೆ. ಕೆನಡಾದಲ್ಲಿದ್ದಾಗ ಅವರು ತಮ್ಮ ಸಹೋದರನ ಜೊತೆ ಸೇರಿ ಒಂದು ಚಾಕೊಲೇಟ್ ಕಾರ್ಖಾನೆಗೆ ಹಣ ಹಾಕಿದರು. ಅದು ದಿವಾಳಿಯಾಯಿತು. ಕೈ ಬರಿದಾದಾಗ ಹೆಂಡತಿ ಮತ್ತು ಹೆಣ್ಣುಮಕ್ಕಳೊಂದಿಗೆ ಮಧ್ಯ ಅಮೆರಿಕದ ಗ್ವಾಟೆಮಾಲಾಕ್ಕೆ ಹೋಗಿ ಅಲ್ಲಿನ ಆಸ್ಪತ್ರೆಯಲ್ಲಿ ಬ್ಯಾಕ್ಟೀರಿಯಾ ತಜ್ಞನಾಗಿ ಕೆಲಸಕ್ಕೆ ಸೇರಿದರು. ಪದವಿಯಿಲ್ಲದವರಿಗೆ ದೊಡ್ಡ ದೇಶಗಳಲ್ಲಿ ಸಿಗದ ಕೆಲಸ ಅಲ್ಲಿ ಸಿಕ್ಕಿತು. ನಷ್ಟವಾದ ಆ ಕಾರ್ಖಾನೆ ಲಾಭ ಮಾಡಿದ್ದರೆ ಅವರು ಚಾಕೊಲೇಟ್ ವ್ಯಾಪಾರಿಯಾಗಿಯೇ ಉಳಿಯುತ್ತಿದ್ದರೇನೋ.

ಅಲ್ಲಿಂದ ಅವರು ಮೆಕ್ಸಿಕೋಗೆ ಹೋದರು. ಅಲ್ಲಿ ಹಗ್ಗಕ್ಕೆ ನಾರು ಕೊಡುವ ಕತ್ತಾಳೆಯ ತ್ಯಾಜ್ಯವನ್ನು ಹುದುಗಿಸುವ ಕೆಲಸ. ಆಗ ಯುಕಟಾನ್ ಪ್ರಾಂತದಲ್ಲಿ ಮಿಡತೆಗಳ ದಂಡು ಬಂತು. ಆ ಮಿಡತೆಗಳಲ್ಲಿ ಕೆಲವು ಭೇದಿಯಾಗಿ ಸಾಯುತ್ತಿರುವುದನ್ನು ಡೆರೆಲ್ ಗಮನಿಸಿದರು. ಸತ್ತ ಮಿಡತೆಯ ಹೊಟ್ಟೆಯಿಂದ ರೋಗದ ಬ್ಯಾಕ್ಟೀರಿಯಾವನ್ನು ತೆಗೆದು ಬೆಳೆಸಿ, ಅದನ್ನೇ ಗಿಡಗಳ ಮೇಲೆ ಚಿಮುಕಿಸಿ ಉಳಿದ ಮಿಡತೆಗಳಿಗೆ ರೋಗ ಹರಡಿಸಿದರು. ಕೀಟಕ್ಕೆ ವಿಷ ಹಾಕುವ ಬದಲು ಕೀಟದ ಶತ್ರುವನ್ನೇ ಹುಡುಕಿ ಬಿಡುವ ವಿಚಾರ ಅವರ ತಲೆಯಲ್ಲಿ ಆಗಲೇ ಕೂತಿತ್ತು. ಮುಂದೆ ಅರ್ಜೆಂಟೀನಾ, ಟುನೀಸಿಯಾ ಮುಂತಾದ ಕಡೆ ಮಿಡತೆಗಳ ಮೇಲೆ ಇದೇ ಕೆಲಸ ಮಾಡಿದರು.

ಈ ಕೆಲಸದ ನಡುವೆ ಅವರಿಗೆ ಒಂದು ವಿಚಿತ್ರ ಕಾಣಿಸಿತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ ಹಾಲಿನ ಕೆನೆಯಂತೆ ಹರಡಿಕೊಳ್ಳುತ್ತದೆ. ಆ ಕೆನೆಯ ನಡುವೆ ಅಲ್ಲಲ್ಲಿ ದುಂಡಗೆ ತೂತು ಮಾಡಿದಂತೆ ಸ್ವಚ್ಛ ಚುಕ್ಕೆಗಳು. ಅಲ್ಲಿ ಬ್ಯಾಕ್ಟೀರಿಯಾ ಇಲ್ಲವೇ ಇಲ್ಲ. ಯಾರೋ ತಿಂದು ಹೋಗಿದ್ದಾರೆ, ತಿಂದವರು ಮಾತ್ರ ಸೂಕ್ಷ್ಮದರ್ಶಕದಲ್ಲೂ ಕಾಣುವುದಿಲ್ಲ.

1911ರಲ್ಲಿ ಅವರು ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಗೆ ಸೇರಿದರು. ಸಂಬಳವಿಲ್ಲದ ಸಹಾಯಕರಾಗಿ ಸೇರಿದರು ಎಂಬುದನ್ನು ನಾನು ಎರಡು ಸಲ ಓದಿದೆ. ಮೊದಲ ಮಹಾಯುದ್ಧ ನಡೆಯುತ್ತಿದ್ದ 1915ರಲ್ಲಿ ಪ್ಯಾರಿಸ್ ಹತ್ತಿರದ ಮೇಜೋನ್ ಲಾಫಿಟ್ ಎಂಬಲ್ಲಿ ಸೈನಿಕರಿಗೆ ರಕ್ತಭೇದಿ ಬಂತು. ಡೆರೆಲ್ ಅವರು ರೋಗಿಗಳ ಮಲವನ್ನು ನೀರಿನಲ್ಲಿ ಕದಡಿ, ಬ್ಯಾಕ್ಟೀರಿಯಾ ಕೂಡ ದಾಟಲಾರದ ಸಣ್ಣ ರಂಧ್ರಗಳ ಪಿಂಗಾಣಿ ಶೋಧಕದಲ್ಲಿ ಸೋಸಿದರು. ಸೋಸಿ ಬಂದ ತಿಳಿನೀರಿನ ಕೆಲವು ಹನಿಗಳನ್ನು ರಕ್ತಭೇದಿಯ ಬ್ಯಾಕ್ಟೀರಿಯಾ ತುಂಬಿದ ಗಾಜಿನ ನಳಿಗೆಗೆ ಹಾಕಿ ಕಾದರು. ಮುಂದೆ ಅವರೇ ಬರೆದಿರುವ ಪ್ರಕಾರ, ಒಬ್ಬ ರೋಗಿಯ ವಿಷಯದಲ್ಲಿ ಹಲವು ದಿನ ಏನೂ ಆಗಲಿಲ್ಲ. ಒಂದು ಬೆಳಗ್ಗೆ ಬಂದು ನೋಡಿದರೆ ಹಿಂದಿನ ದಿನ ಮಬ್ಬಾಗಿದ್ದ ನಳಿಗೆ ತಿಳಿನೀರಾಗಿತ್ತು. ಕೂಡಲೇ ಆಸ್ಪತ್ರೆಗೆ ಓಡಿದರು. ಆ ರೋಗಿಯೂ ಅದೇ ರಾತ್ರಿ ಚೇತರಿಸಿಕೊಂಡಿದ್ದ. ನಳಿಗೆಯಲ್ಲಿ ನಡೆದದ್ದೇ ರೋಗಿಯ ಹೊಟ್ಟೆಯಲ್ಲೂ ನಡೆದಿದೆ ಎಂದು ಅವರಿಗೆ ಹೊಳೆಯಿತು.

1917ರ ಸೆಪ್ಟೆಂಬರ್‌ನಲ್ಲಿ ಅವರ ಪ್ರಬಂಧವನ್ನು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಇಡಲಾಯಿತು. ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿ ರಕ್ತಭೇದಿಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎಂಬುದು ಅದರ ಸಾರ. ಅವರಿಗಿಂತ ಎರಡು ವರ್ಷ ಮೊದಲು, 1915ರಲ್ಲಿ, ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್ ಎಂಬುವರೂ ಇಂಥದ್ದನ್ನು ಕಂಡು ಬರೆದಿದ್ದರು. ಇಂದು ಇಬ್ಬರಿಗೂ ಆ ಗೌರವ ಸಲ್ಲುತ್ತದೆ. ಆದರೆ ಅದಕ್ಕೆ ಹೆಸರಿಟ್ಟು, ಅದರಿಂದ ರೋಗ ಗುಣಪಡಿಸಬಹುದು ಎಂದು ಊರೂರು ಅಲೆದವರು ಡೆರೆಲ್.

ಫೇಜ್ ಕೆಲಸ ಮಾಡುವ ರೀತಿ ಹೀಗಿದೆ. ಅದು ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು ತನ್ನ ವಂಶವಾಹಿಯನ್ನು ಒಳಗೆ ಇಳಿಸುತ್ತದೆ. ಬ್ಯಾಕ್ಟೀರಿಯಾ ತನ್ನ ಕೆಲಸ ಬಿಟ್ಟು ಫೇಜ್‌ಗಳನ್ನೇ ತಯಾರಿಸತೊಡಗುತ್ತದೆ. ಕೆಲವು ಫೇಜ್‌ಗಳಲ್ಲಿ ಅರ್ಧ ಗಂಟೆಯೊಳಗೆ ಬ್ಯಾಕ್ಟೀರಿಯಾ ಒಡೆದು ನೂರಕ್ಕೂ ಹೆಚ್ಚು ಹೊಸ ಫೇಜ್‌ಗಳು ಹೊರಬರುತ್ತವೆ. ಅವು ಪಕ್ಕದ ಬ್ಯಾಕ್ಟೀರಿಯಾಗಳನ್ನು ಹಿಡಿಯುತ್ತವೆ. ಬ್ಯಾಕ್ಟೀರಿಯಾ ಮುಗಿದರೆ ಫೇಜ್‌ಗೂ ಕೆಲಸವಿಲ್ಲ, ಅದೂ ಕ್ರಮೇಣ ಕಡಿಮೆಯಾಗುತ್ತದೆ. ಬೀಗಕ್ಕೆ ಬೀಗದ ಕೈ ಇರುವಂತೆ ಒಂದು ಫೇಜ್ ಒಂದು ಜಾತಿಯ ಬ್ಯಾಕ್ಟೀರಿಯಾಕ್ಕೆ, ಎಷ್ಟೋ ಸಲ ಆ ಜಾತಿಯೊಳಗಿನ ಕೆಲವಕ್ಕೆ ಮಾತ್ರ ಅಂಟುತ್ತದೆ. ಮೀನಿನ ಜೀವಕೋಶಕ್ಕಾಗಲಿ ಮನುಷ್ಯನ ಜೀವಕೋಶಕ್ಕಾಗಲಿ ಅದು ಅಂಟುವುದಿಲ್ಲ. ಮಾಮು ಕೇಳಿದ ಪ್ರಶ್ನೆಗೆ ಉತ್ತರ ಇದೇ. ಕೊರೊನಾ ಕೂಡ ವೈರಸ್, ಫೇಜ್ ಕೂಡ ವೈರಸ್. ಆದರೆ ಎರಡರ ಬೀಗಗಳು ಬೇರೆ.

ಎಲ್ಲರೂ ಇದನ್ನು ಒಪ್ಪಲಿಲ್ಲ. ನೊಬೆಲ್ ಪಡೆದಿದ್ದ ಬೆಲ್ಜಿಯಂನ ಜೂಲ್ ಬೋರ್ಡೆ ಅವರು ಇದು ಜೀವಿಯಲ್ಲ, ಬ್ಯಾಕ್ಟೀರಿಯಾದಿಂದಲೇ ಹೊರಬರುವ ರಾಸಾಯನಿಕ ಎಂದು ವಾದಿಸಿದರು. ಡೆರೆಲ್ ಲೆಕ್ಕದಿಂದ ಉತ್ತರ ಕೊಟ್ಟರು. ಸೋಸಿದ ನೀರನ್ನು ಹತ್ತರಷ್ಟು, ನೂರರಷ್ಟು, ಸಾವಿರದಷ್ಟು ತೆಳ್ಳಗೆ ಮಾಡುತ್ತಾ ಹೋದರೆ ತಟ್ಟೆಯ ಮೇಲಿನ ಚುಕ್ಕೆಗಳ ಸಂಖ್ಯೆ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತಿತ್ತು. ರಾಸಾಯನಿಕವಾಗಿದ್ದರೆ ಇಡೀ ತಟ್ಟೆಯಲ್ಲಿ ಅದರ ಬಲ ಕುಗ್ಗಬೇಕಿತ್ತು. ಬಿಡಿ ಬಿಡಿ ಚುಕ್ಕೆಗಳು ಬರುತ್ತವೆಂದರೆ ಒಂದೊಂದು ಚುಕ್ಕೆಗೂ ಒಂದೊಂದು ಕಣ ಕಾರಣ. ಇಂದಿಗೂ ಪ್ರಯೋಗಾಲಯಗಳಲ್ಲಿ ಫೇಜ್‌ಗಳನ್ನು ಎಣಿಸುವುದು ಇದೇ ರೀತಿ. 1940ರ ಹೊತ್ತಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಫೇಜ್‌ಗಳ ಚಿತ್ರ ಬಂದಾಗ ಅವರ ಮಾತು ನಿಜವಾಯಿತು.

ಡೆರೆಲ್ ಅವರು ಮೊದಲು ಚಿಕಿತ್ಸೆ ಮಾಡಿದ್ದು ಮನುಷ್ಯರಿಗಲ್ಲ, ರೈತರ ಪ್ರಾಣಿಗಳಿಗೆ. 1919ರಲ್ಲಿ ಫ್ರಾನ್ಸಿನ ಹಳ್ಳಿಗಳಲ್ಲಿ ಕೋಳಿಗಳಿಗೆ ಟೈಫಾಯ್ಡ್‌ನಂಥ ರೋಗ ಬಂದಾಗ ಅವುಗಳಿಗೆ ಫೇಜ್ ಕೊಟ್ಟು ನೋಡಿದರು. ಆಮೇಲೆ ಇಂಡೋಚೈನಾಕ್ಕೆ ಹೋಗಿ ಎಮ್ಮೆಗಳ ಗಳಲೆ ರೋಗದ ಮೇಲೆ ಕೆಲಸ ಮಾಡಿದರು. ಮನುಷ್ಯರ ಮೇಲೆ ಮೊದಲ ಚಿಕಿತ್ಸೆ ನಡೆದದ್ದು 1919ರ ಬೇಸಿಗೆಯಲ್ಲಿ, ಪ್ಯಾರಿಸ್‌ನ ಮಕ್ಕಳ ಆಸ್ಪತ್ರೆಯಲ್ಲಿ. ರೋಗಿ ತೀವ್ರ ರಕ್ತಭೇದಿಯಿಂದ ಬಳಲುತ್ತಿದ್ದ 12 ವರ್ಷದ ಹುಡುಗ. ಅವನಿಗೆ ಕೊಡುವ ಮೊದಲು ಡೆರೆಲ್ ಮತ್ತು ಆಸ್ಪತ್ರೆಯ ವೈದ್ಯರು ಅದೇ ಫೇಜನ್ನು ತಾವು ಕುಡಿದು ಏನೂ ಆಗುವುದಿಲ್ಲ ಎಂದು ಖಚಿತ ಮಾಡಿಕೊಂಡರು. ಹುಡುಗ ಕೆಲವೇ ದಿನಗಳಲ್ಲಿ ಗುಣವಾದ. ತಾನು ಕೊಡುವ ಔಷಧಿಯನ್ನು ಮೊದಲು ತಾನೇ ಕುಡಿದು ನೋಡಿದ ಮನುಷ್ಯನ ಬಗ್ಗೆ ಓದುವಾಗ ನನಗೆ ಆ ಮೂರು ಪುಡಿಗಳ ಪೊಟ್ಟಣ ನೆನಪಾಯಿತು.

1925ರಲ್ಲಿ ಅವರು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದರು. ಹಡಗುಗಳಲ್ಲಿ ಬರುವ ರೋಗಗಳನ್ನು ತಡೆಯುವ ಕೇಂದ್ರದಲ್ಲಿ ಅವರಿಗೆ ಕೆಲಸ. ಆಗ ಒಂದು ಹಡಗಿನ ನಾಲ್ವರಿಗೆ ಪ್ಲೇಗ್ ಬಂದಿತ್ತು. ಡೆರೆಲ್ ಅವರ ಗೆಡ್ಡೆಗಳಿಗೆ ಫೇಜ್ ಚುಚ್ಚಿದರು. ನಾಲ್ವರೂ ಬದುಕಿದರು. ಅದು ಪೆನ್ಸಿಲಿನ್ ಇಲ್ಲದ ಕಾಲ. ಈ ಸುದ್ದಿ ಹರಡಿ ಬ್ರಿಟಿಷ್ ಸರ್ಕಾರ ಅವರನ್ನು ಭಾರತಕ್ಕೆ ಕರೆಯಿತು. ಅವರು ಬೊಂಬಾಯಿಯ ಹಾಫ್ಕಿನ್ ಸಂಸ್ಥೆಗೆ ಬಂದರು.

ಭಾರತದ ನೀರಿನಲ್ಲಿ ಇಂಥದ್ದೊಂದು ಶಕ್ತಿ ಇದೆಯೆಂದು ಅವರಿಗಿಂತ ಮೊದಲೇ ಒಬ್ಬರು ಬರೆದಿದ್ದರು. ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ಇಂಗ್ಲಿಷ್ ವಿಜ್ಞಾನಿ, ಗಂಗಾ ಮತ್ತು ಯಮುನಾ ನದಿಗಳ ನೀರು ಕಾಲರಾದ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಕುದಿಸಿದರೆ ಆ ಶಕ್ತಿ ಹೋಗುತ್ತದೆ ಎಂದು 1896ರಲ್ಲೇ ಪ್ರಕಟಿಸಿದ್ದರು. ಕಾರಣ ಅವರಿಗೆ ತಿಳಿದಿರಲಿಲ್ಲ. ಇಂದು ಅನೇಕರು ಅದನ್ನು ಫೇಜ್‌ನ ಕೆಲಸವೆಂದು ಭಾವಿಸುತ್ತಾರೆ.

1927ರಲ್ಲಿ ಡೆರೆಲ್ ಪಂಜಾಬಿನಲ್ಲಿ ಕಾಲರಾ ರೋಗಿಗಳ ನಡುವೆ ಕೆಲಸ ಮಾಡಿದರು. ರೋಗಿಗಳಿಗೆ ಫೇಜ್ ಕುಡಿಸಿದ್ದಲ್ಲದೆ ಇನ್ನೊಂದು ಕೆಲಸವನ್ನೂ ಮಾಡಿದರು. ರೋಗ ಹರಡಿದ್ದ ಹಳ್ಳಿಗಳ ಬಾವಿಗಳಿಗೇ ಫೇಜ್ ಸುರಿದರು. ಊರಿನವರು ನೀರು ಸೇದಿ ಕುಡಿದರೆ ಫೇಜ್ ತಾನಾಗಿಯೇ ಎಲ್ಲರ ಹೊಟ್ಟೆಗೆ ಹೋಗುತ್ತದೆ ಎಂಬುದು ಅವರ ಯೋಚನೆ. ಈ ಸಾಲು ಓದಿದಾಗ ನಾನು ಪುಸ್ತಕ ಮುಚ್ಚಿ ಮಾಮುಗೆ ಫೋನ್ ಮಾಡಿದೆ. ಬಾವಿಗೆ ಹಾಕಬಹುದಾದರೆ ಹೊಂಡಕ್ಕೂ ಹಾಕಬಹುದಲ್ಲವೇ? ಮನುಷ್ಯನಿಗೆ ಒಬ್ಬೊಬ್ಬನಿಗೆ ಔಷಧಿ ಕುಡಿಸಬಹುದು. ಸಾವಿರಾರು ಮೀನುಗಳನ್ನು ಹಿಡಿದು ಒಂದೊಂದಕ್ಕೆ ಕುಡಿಸಲು ಆಗುವುದಿಲ್ಲ. ಮೀನಿಗೆ ಏನು ಕೊಟ್ಟರೂ ನೀರಿನಲ್ಲಿ ಅಥವಾ ಮೇವಿನಲ್ಲಿಯೇ ಕೊಡಬೇಕು. ಡೆರೆಲ್ ಅವರ ಬಾವಿ ಮೀನು ಸಾಕುವವರ ದಾರಿಯೂ ಆಗಿದೆ ಎಂದು ನನಗೆ ಅನಿಸಿತು.

ಇಲ್ಲಿಯವರೆಗೆ ಎಲ್ಲವೂ ಲಾಭದ ಕಡೆಯ ಲೆಕ್ಕ. ಇನ್ನು ನಷ್ಟದ ಕಡೆ. ಫೇಜ್ ಪ್ರಸಿದ್ಧವಾದ ಕೂಡಲೇ ಅದು ವ್ಯಾಪಾರವಾಯಿತು. ಡೆರೆಲ್ ಅವರೇ ಪ್ಯಾರಿಸ್‌ನಲ್ಲಿ ಒಂದು ಪ್ರಯೋಗಾಲಯ ತೆರೆದು ಬೇರೆ ಬೇರೆ ಸೋಂಕುಗಳಿಗೆ ಐದು ಬಗೆಯ ಫೇಜ್ ತಯಾರಿಸಿದರು. ಅಮೆರಿಕದ ಎಲೈ ಲಿಲ್ಲಿ ಕಂಪನಿಯೂ ಫೇಜ್ ಮಾರಿತು. ಆದರೆ ಆ ಕಾಲದಲ್ಲಿ ಮಾರುಕಟ್ಟೆಗೆ ಬಂದ ಎಷ್ಟೋ ಬಾಟಲಿಗಳಲ್ಲಿ ಜೀವಂತ ಫೇಜ್ ಇರಲಿಲ್ಲ. ಕೆಡದಿರಲೆಂದು ಹಾಕಿದ ರಾಸಾಯನಿಕವೇ ಫೇಜನ್ನು ಕೊಲ್ಲುತ್ತಿತ್ತು. ಎಷ್ಟೋ ವೈದ್ಯರು ರೋಗಿಯಲ್ಲಿರುವ ಬ್ಯಾಕ್ಟೀರಿಯಾ ಯಾವುದೆಂದು ನೋಡದೆ ಕೈಗೆ ಸಿಕ್ಕ ಫೇಜ್ ಕೊಟ್ಟರು. ಬೀಗ ನೋಡದೆ ಕೈ ತಿರುಗಿಸಿದರೆ ಬಾಗಿಲು ತೆರೆಯುವುದಿಲ್ಲ. ಡೆರೆಲ್ ಅವರ ಪ್ರಯೋಗಗಳಲ್ಲೂ ಕೊರತೆ ಇತ್ತು. ಔಷಧಿ ಕೊಟ್ಟವರನ್ನು ಕೊಡದವರ ಜೊತೆ ಸರಿಯಾಗಿ ಹೋಲಿಸಿ ನೋಡುವ ಕೆಲಸ ಅನೇಕ ಕಡೆ ಆಗಿರಲಿಲ್ಲ. 1934ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ ಬಂದ ವರದಿ ಸಾಕ್ಷ್ಯ ಸಾಲದು ಎಂದು ಹೇಳಿತು. 1940ರ ದಶಕದಲ್ಲಿ ಪೆನ್ಸಿಲಿನ್ ಬಂತು. ಒಂದೇ ಔಷಧಿ ಹತ್ತಾರು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವಾಗ ಒಂದೊಂದಕ್ಕೂ ಬೇರೆ ಬೇರೆ ಫೇಜ್ ಹುಡುಕುವ ತೊಂದರೆ ಯಾರಿಗೆ ಬೇಕು?

ಅವರ ಜೀವನದ ದೊಡ್ಡ ದುಃಖ ಸೋವಿಯತ್ ಜಾರ್ಜಿಯಾದಲ್ಲಿ ನಡೆಯಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ಪ್ರಾಧ್ಯಾಪಕರಾಗಿದ್ದ ಅವರು 1933ರಲ್ಲಿ ಗೆಳೆಯ ಜಾರ್ಜ್ ಎಲಿಯಾವಾ ಅವರ ಆಹ್ವಾನದ ಮೇಲೆ ಟಿಬಿಲಿಸಿಗೆ ಹೋದರು. ಇಬ್ಬರೂ ಸೇರಿ ಫೇಜ್‌ಗಾಗಿಯೇ ಒಂದು ದೊಡ್ಡ ಸಂಸ್ಥೆ ಕಟ್ಟುವ ಕನಸು ಕಂಡರು. ಡೆರೆಲ್ ಅಲ್ಲೇ ನೆಲೆಸಲು ಬಯಸಿದ್ದರು. ಆದರೆ 1937ರಲ್ಲಿ ಸ್ಟಾಲಿನ್ ಸರ್ಕಾರ ಎಲಿಯಾವಾ ಅವರನ್ನು ಜನರ ಶತ್ರು ಎಂದು ಕರೆದು ಕೊಂದಿತು. ಡೆರೆಲ್ ಮತ್ತೆ ಆ ಊರಿಗೆ ಹೋಗಲಿಲ್ಲ. ಆದರೆ ಸಂಸ್ಥೆ ಉಳಿಯಿತು. ಇಂದಿಗೂ ಟಿಬಿಲಿಸಿಯಲ್ಲಿ ಎಲಿಯಾವಾ ಹೆಸರಿನ ಆ ಸಂಸ್ಥೆ ಫೇಜ್ ತಯಾರಿಸುತ್ತದೆ. ಎಲ್ಲ ಆಂಟಿಬಯಾಟಿಕ್‌ಗಳಿಗೂ ಆರ್ ಬಂದ ರೋಗಿಗಳು ದೂರದ ದೇಶಗಳಿಂದ ಅಲ್ಲಿಗೆ ಹೋಗುತ್ತಾರೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೆರೆಲ್ ಅವರನ್ನು ಫ್ರಾನ್ಸಿನ ವಿಶಿ ಪಟ್ಟಣದಲ್ಲಿ ಗೃಹಬಂಧನದಲ್ಲಿ ಇಟ್ಟಿದ್ದರು. ನೊಬೆಲ್ ಬಹುಮಾನಕ್ಕೆ ಅವರ ಹೆಸರು ಅನೇಕ ಸಲ ಸೂಚಿತವಾದರೂ ಒಮ್ಮೆಯೂ ಸಿಗಲಿಲ್ಲ. 1949ರ ಫೆಬ್ರವರಿ 22ರಂದು ಪ್ಯಾರಿಸ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಜಗತ್ತು ಪೆನ್ಸಿಲಿನ್ ಸಂಭ್ರಮದಲ್ಲಿತ್ತು. ಅವರು ಗೆಲ್ಲದೆಯೇ ಹೋದರು ಎಂದು ಯಾರಾದರೂ ಹೇಳಿದ್ದರೆ ಆ ದಿನ ಅದು ಸರಿಯಾಗಿಯೇ ಕಾಣುತ್ತಿತ್ತು.

ಆದರೆ ಖಾತೆ ಅಲ್ಲಿಗೆ ಮುಗಿಯಲಿಲ್ಲ. ಆಂಟಿಬಯಾಟಿಕ್ ಎಲ್ಲೆಂದರಲ್ಲಿ ಸುರಿದ ಪರಿಣಾಮವಾಗಿ ಬ್ಯಾಕ್ಟೀರಿಯಾಗಳು ಬಗ್ಗದಂತೆ ಆದವು. ಮೀನು ಮತ್ತು ಸಿಗಡಿಯ ಹೊಂಡಗಳಲ್ಲಂತೂ ಔಷಧಿಯ ಬಹುಪಾಲು ನೀರಿಗೂ ಕೆಸರಿಗೂ ಹೋಗುತ್ತದೆ. ಸಿಗಡಿಯಲ್ಲಿ ನಿಷೇಧಿತ ಆಂಟಿಬಯಾಟಿಕ್ ಉಳಿದಿದ್ದರೆ ಯುರೋಪ್ ಆ ಸರಕನ್ನು ಹಿಂದಕ್ಕೆ ಕಳಿಸುತ್ತದೆ. ರಫ್ತು ವ್ಯಾಪಾರದಲ್ಲಿ ಅದು ಎಷ್ಟು ದೊಡ್ಡ ನಷ್ಟ ಎಂದು ನಮ್ಮ ವಿಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಭಾರತದಲ್ಲೂ ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಮುಂತಾದವನ್ನು ಸಿಗಡಿ ಸಾಕಣೆಯಲ್ಲಿ ಬಳಸುವಂತಿಲ್ಲ. ಹೀಗಾಗಿ ವಿಜ್ಞಾನಿಗಳು ಮತ್ತೆ ಡೆರೆಲ್ ಅವರ ದಾರಿಗೆ ಬಂದರು. ಜಪಾನಿನಲ್ಲಿ ಟೊಶಿಹಿರೊ ನಕಾಯ್ ಮತ್ತು ಅವರ ತಂಡದವರು 1999 ಮತ್ತು 2000ರಲ್ಲಿ ಯೆಲ್ಲೊಟೇಲ್ ಮತ್ತು ಆಯು ಎಂಬ ಸಾಕು ಮೀನುಗಳ ಬ್ಯಾಕ್ಟೀರಿಯಾ ರೋಗಗಳಿಗೆ ಫೇಜ್ ಬಳಸಿ ಫಲ ಕಂಡರು. ಫೇಜನ್ನು ಮೇವಿನಲ್ಲಿ ಬೆರೆಸಿಯೂ ಕೊಟ್ಟಿದ್ದರು.

ನಮ್ಮ ಗೊರಗುಂಟೆಪಾಳ್ಯದ ಜಂಕ್ಷನ್‌ನಲ್ಲಿ ರಾತ್ರಿ ಹೊತ್ತು ಲಗೇಜು ಹಿಡಿದು ಮಂಗಳೂರು ಬಸ್ಸಿಗೆ ಕಾಯುವವರನ್ನು ನಾನು ದಿನವೂ ನೋಡುತ್ತೇನೆ. ಆ ಬಸ್ಸು ಹೋಗಿ ನಿಲ್ಲುವ ಊರಿನಲ್ಲಿಯೇ, 1969ರಲ್ಲಿ ಶುರುವಾದ ಮೀನುಗಾರಿಕಾ ಕಾಲೇಜಿನಲ್ಲಿ, ಇಡ್ಯ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಅವರ ತಂಡ ಸಿಗಡಿ ಮರಿಗಳನ್ನು ಉಳಿಸಲು ಫೇಜ್ ಹುಡುಕಿತು. ಸಿಗಡಿಯ ಮರಿ ಉತ್ಪಾದನಾ ಕೇಂದ್ರಗಳಲ್ಲಿ ವಿಬ್ರಿಯೊ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾ ಬಂದರೆ ಕತ್ತಲೆಯಲ್ಲಿ ಮರಿಗಳು ಮಿಣುಕುತ್ತವೆ. ನೋಡಲು ಚಂದ, ಆದರೆ ತೊಟ್ಟಿಗೆ ತೊಟ್ಟಿಯೇ ಸಾಯುತ್ತದೆ. ಪಶ್ಚಿಮ ಕರಾವಳಿಯ ಸಿಗಡಿ ಸಾಕಣೆಯ ನೀರಿನಿಂದಲೇ ಈ ತಂಡ ಆ ಬ್ಯಾಕ್ಟೀರಿಯಾದ ಶತ್ರುವನ್ನು ಬೇರ್ಪಡಿಸಿತು. 2006ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಏನೂ ಹಾಕದ ತೊಟ್ಟಿಯಲ್ಲಿ ಶೇ. 17ರಷ್ಟು ಮರಿಗಳು ಉಳಿದವು, ಆಂಟಿಬಯಾಟಿಕ್ ಹಾಕಿದಲ್ಲಿ ಶೇ. 40, ಫೇಜ್ ಹಾಕಿದಲ್ಲಿ ಶೇ. 86. ಇಲ್ಲಿ ಹೋಲಿಕೆ ಇತ್ತು, ಲೆಕ್ಕ ಇತ್ತು. ಡೆರೆಲ್ ಅವರ ಕೆಲಸದಲ್ಲಿ ಕೊರತೆಯಾಗಿದ್ದದ್ದು ಇಲ್ಲಿ ತುಂಬಿತ್ತು.

ಇದು ಎಲ್ಲಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. ಬ್ಯಾಕ್ಟೀರಿಯಾ ಫೇಜ್‌ಗೂ ಬಗ್ಗದಂತೆ ಆಗಬಹುದು, ಅದಕ್ಕಾಗಿ ಹಲವು ಫೇಜ್‌ಗಳನ್ನು ಬೆರೆಸಿ ಕೊಡುತ್ತಾರೆ. ಕೆಲವು ಫೇಜ್‌ಗಳು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಒಳಗೇ ಅಡಗಿ ಅದಕ್ಕೆ ಹೊಸ ಕೆಟ್ಟ ಗುಣ ಕೊಡುವುದೂ ಉಂಟು. ಅಂಥವನ್ನು ಮೊದಲೇ ಆರಿಸಿ ಬಿಡಬೇಕು. ಎಲ್ಲಕ್ಕಿಂತ ಮೊದಲು ಹೊಂಡದಲ್ಲಿರುವ ರೋಗ ಯಾವುದೆಂದು ತಿಳಿಯಬೇಕು.

ಮಾಮು ಹೆಬ್ಬಾಳದಿಂದ ತಂದದ್ದು ಫೇಜ್ ಬಾಟಲಿಯಲ್ಲ, ಬುದ್ಧಿಮಾತು. 1 ಎಕರೆಗೆ 5,000 ಮರಿ ಬಿಟ್ಟದ್ದು ಅತಿಯಾಯಿತು, ಇಕ್ಕಟ್ಟಿನಲ್ಲಿ ಮೈ ಉಜ್ಜಿ ಗಾಯವಾದಲ್ಲಿ ಈ ಬ್ಯಾಕ್ಟೀರಿಯಾ ಸುಲಭವಾಗಿ ಒಳಹೋಗುತ್ತದೆ, ಉಳಿದ ಮೇವು ಕೊಳೆತು ನೀರು ಕೆಟ್ಟಿದೆ ಎಂದು ಅಲ್ಲಿ ಹೇಳಿದರು. ಮಾಮು ಅಮ್ಮಿಯ ಮುಖ ನೋಡಲಾಗದೆ ಒಂದು ವಾರ ನಮ್ಮ ಮನೆಗೆ ಬರಲಿಲ್ಲ. ಹೊಂಡ ಬಿಟ್ಟುಬಿಡುವ ಮಾತೂ ಆಯಿತು. ಆಗ ನಾನು ಚಾಕೊಲೇಟ್ ಕಾರ್ಖಾನೆಯ ಕಥೆ ಹೇಳಿದೆ. ಅವರು ನಕ್ಕರು, ಬಹಳ ದಿನಗಳ ನಂತರ.

ಈ ಸಲ ಹೊಂಡವನ್ನು ಬತ್ತಿಸಿ ಬಿಸಿಲಿಗೆ ಬಿಟ್ಟು, ಸುಣ್ಣ ಹಾಕಿ, 2,000 ಮರಿ ಮಾತ್ರ ಬಿಟ್ಟಿದ್ದಾರೆ. ಅಮ್ಮಿಯ ಬಳೆಗಳು ಇನ್ನೂ ಬಿಡಿಸಿಕೊಂಡು ಬಂದಿಲ್ಲ. ದಾದಿ ಎಸ್ ಎಂದಿದ್ದ ಔಷಧಿಯ ಇಂಜೆಕ್ಷನ್ ಮುಗಿಸಿ ಈಗ ಬಾಗಿಲ ಬಳಿ ಕೂತು ತಸ್ಬಿ ಎಣಿಸುತ್ತಾರೆ. ಹಿಸಾಬ್ ಪುಸ್ತಕದಲ್ಲಿ ಔಷಧಿಯ ಕಾಲಂ ಪಕ್ಕದಲ್ಲಿ ನಾನು ಪರೀಕ್ಷೆ ಎಂಬ ಹೊಸ ಕಾಲಂ ಎಳೆದಿದ್ದೇನೆ. ಅದರಲ್ಲಿ ಈವರೆಗೆ ಬರೆದಿರುವುದು ಹೆಬ್ಬಾಳಕ್ಕೆ ಎರಡು ಸಲ ಹೋಗಿ ಬಂದ ಬಸ್ ಚಾರ್ಜ್ ಮತ್ತು ಐಸಿನ ದುಡ್ಡು ಮಾತ್ರ. ನಿಮ್ಮ ಮನೆಯಲ್ಲೂ ಯಾರಾದರೂ ಕೋಳಿ, ಮೇಕೆ, ಮೀನು ಸಾಕುತ್ತಿದ್ದರೆ ಈ ಕಾಲಂ ಎಳೆದು ನೋಡಿ.